ಗ್ಯಾನ ಇಟ್ಟು ಕೂರುವುದು: ಮನೆಯಲ್ಲೇ ಧ್ಯಾನ ಶುರು ಮಾಡುವವರಿಗೆ

"ಕಣ್ಣು ಮುಚ್ಚಿ ಕೂತರೆ ಸಾಕು, ಇಲ್ಲದ ಯೋಚನೆಯೆಲ್ಲ ಆಗಲೇ ಬರುತ್ತೆ. ನನಗೆ ಧ್ಯಾನ ಆಗಿಬರಲ್ಲ ಅಲ್ವಾ?" ಈ ಪ್ರಶ್ನೆ ಬಾರದ ವಾರವಿಲ್ಲ. ಕೇಳುವವರು ಮಾತ್ರ ಬೇರೆ ಬೇರೆ. ಮೈಸೂರಿನ ಹೆಬ್ಬಾಳದಲ್ಲಿ ಶಿಫ್ಟ್ ಕೆಲಸ ಮಾಡುವವರು, ಮಂಡ್ಯದಿಂದ ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವವರು, ಮಕ್ಕಳನ್ನು ಸ್ಕೂಲಿಗೆ ಕಳಿಸಿ ಉಸ್ಸಪ್ಪಾ ಅಂತ ಕೂರುವ ಅಮ್ಮಂದಿರು. ಯೋಗ ಕಲಿಯಲು ಪ್ರಪಂಚದ ಮೂಲೆಮೂಲೆಯಿಂದ ಜನ ಮೈಸೂರಿನ ಗೋಕುಲಂ ಬಡಾವಣೆಗೆ ಬರುತ್ತಾರೆ. ಆ ಬೀದಿಯಲ್ಲೇ ತರಕಾರಿ ಕೊಳ್ಳುವ ನಾವು "ಎಲ್ಲಿಂದ ಶುರು ಮಾಡಲಿ?" ಅಂತ ಕೇಳುತ್ತೇವೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ಪದದ ಗೊಂದಲ ಬಿಡಿಸೋಣ. ಈಗ ಎಲ್ಲರ ಬಾಯಲ್ಲೂ ಇರುವ ಪದ ಮೈಂಡ್‌ಫುಲ್‌ನೆಸ್. ಇದರ ಬೇರು ಬೌದ್ಧರ ಪಾಳಿ ಭಾಷೆಯ 'ಸತಿ' ಅನ್ನುವ ಪದ. ಅದೇ ಸಂಸ್ಕೃತದಲ್ಲಿ 'ಸ್ಮೃತಿ', ಅಂದರೆ ನೆನಪು. ಈ ಕ್ಷಣ ಏನು ಮಾಡುತ್ತಿದ್ದೇನೆ ಅನ್ನುವುದು ನೆನಪಿನಲ್ಲಿರುವುದು. ಕನ್ನಡದಲ್ಲಿ ಸಾವಧಾನ, ಅರಿವು, ಎಚ್ಚರ ಅಂತೆಲ್ಲ ಬರೆಯುತ್ತಾರೆ. ನನಗೆ ಹಿಡಿಸುವುದು ಮಂಡ್ಯ ಕಡೆಯ ಮಾತು. ಹಾಲು ಉಕ್ಕಿಸಿದ ಹುಡುಗನಿಗೆ ಅಜ್ಜಿ ಬೈಯುವುದು ಹೇಗೆ? "ಗ್ಯಾನ ಎಲ್ಲಿಟ್ಟಿದ್ದೆ?" ಗ್ಯಾನ ಅಂದರೆ ಗಮನವೂ ಹೌದು, ನೆನಪೂ ಹೌದು. ಪಾಳಿಯ ಸತಿಗೆ ಇದಕ್ಕಿಂತ ಹತ್ತಿರದ ಪದ ನನಗಂತೂ ಸಿಕ್ಕಿಲ್ಲ.

ಇನ್ನು ಧ್ಯಾನ. ಯೋಗಸೂತ್ರದ ಪತಂಜಲಿ ಹೇಳುವ ಯೋಗದ ಎಂಟು ಮೆಟ್ಟಿಲುಗಳಲ್ಲಿ ಆಸನ ಮೂರನೆಯದು, ಧಾರಣ ಆರನೆಯದು, ಧ್ಯಾನ ಏಳನೆಯದು. ಧಾರಣ ಅಂದರೆ ಮನಸ್ಸನ್ನು ಒಂದು ಕಡೆ ಇಡುವುದು. ಅದು ಕಡಿಯದೆ ಹರಿದರೆ ಧ್ಯಾನ. ಆ ಲೆಕ್ಕದಲ್ಲಿ ನಾವು ಇಲ್ಲಿ ಮಾಡಹೊರಟಿರುವುದು ಧಾರಣ ಅಷ್ಟೇ. ಅದರಲ್ಲಿ ನಾಚಿಕೆ ಏನೂ ಇಲ್ಲ. ಬಳಕೆಯ ಮಾತಿನಂತೆ ನಾನೂ ಧ್ಯಾನ ಅಂತಲೇ ಬರೆಯುತ್ತೇನೆ.

ಏನೇನು ಬೇಕು?

ಒಂದು ಚಾಪೆ ಅಥವಾ ಕುರ್ಚಿ. ಒಂದು ದಪ್ಪ ಟವೆಲ್. ಹತ್ತು ನಿಮಿಷ. ಫೋನಿನಲ್ಲಿ ಟೈಮರ್ ಇಟ್ಟುಕೊಂಡರೆ ಫ್ಲೈಟ್ ಮೋಡ್ ಹಾಕಿ. ಊದುಬತ್ತಿ, ಬುದ್ಧನ ಬೊಂಬೆ, ನೀರು ಬೀಳುವ ಸದ್ದಿನ ಆ್ಯಪ್ ಯಾವುದೂ ಬೇಕಿಲ್ಲ. ಹೊಟ್ಟೆ ತುಂಬಾ ತಿಂದ ಮೇಲೆ ಎರಡು ಗಂಟೆ ಬಿಡಿ. ಮಧ್ಯಾಹ್ನ ಎರಡು ಮುದ್ದೆ ಇಳಿಸಿ ಧ್ಯಾನಕ್ಕೆ ಕೂತರೆ ಆಗುವುದು ನಿದ್ದೆ.

ನಿಶ್ಶಬ್ದವೂ ಬೇಕಿಲ್ಲ. ಬೆಳಗಿನ ಹೊತ್ತು ದೇವಸ್ಥಾನದ ಸುಪ್ರಭಾತ, ಮಸೀದಿಯ ಆಜಾನ್, ಸೊಪ್ಪಿನವರ ಕೂಗು, ಪಕ್ಕದ ಮನೆಯ ಮಿಕ್ಸಿ ಇದ್ದೇ ಇರುತ್ತೆ. ಅವು ನಿಂತ ಮೇಲೆ ಕೂರುತ್ತೇನೆ ಅಂದರೆ ಸಮುದ್ರದ ಅಲೆ ನಿಂತ ಮೇಲೆ ಸ್ನಾನ ಮಾಡುತ್ತೇನೆ ಅಂದ ಹಾಗೆ.

1. ಹೊತ್ತು ಗೊತ್ತು ಮಾಡಿಕೊಳ್ಳಿ

"ಟೈಮ್ ಸಿಕ್ಕಾಗ ಕೂರ್ತೀನಿ" ಅಂದವರು ಯಾರೂ ಕೂತಿದ್ದನ್ನು ನಾನು ನೋಡಿಲ್ಲ. ದಿನಾ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಇದನ್ನು ಗಂಟು ಹಾಕಿ. ನಮ್ಮ ಊರಿನವರಿಗೆ ಹೇಳಿ ಮಾಡಿಸಿದ್ದು ಕಾಫಿ ಫಿಲ್ಟರ್. ಪುಡಿ ಹಾಕಿ, ಕುದಿಯುವ ನೀರು ಸುರಿದು, ಮುಚ್ಚಳ ಮುಚ್ಚಿ. ಒಳ್ಳೆಯ ಡಿಕಾಕ್ಷನ್ ಇಳಿಯಲು ಹತ್ತು ಹದಿನೈದು ನಿಮಿಷ ಬೇಕೇ ಬೇಕು. ಅಷ್ಟು ಹೊತ್ತು ಸಾಮಾನ್ಯವಾಗಿ ಏನು ಮಾಡುತ್ತೀರಿ? ವಾಟ್ಸಾಪ್ ನೋಡುತ್ತೀರಿ. ಆ ಹೊತ್ತನ್ನು ಇದಕ್ಕೆ ಕೊಡಿ. ಕಾಫಿ ಕುಡಿಯದವರು ಹಲ್ಲುಜ್ಜಿದ ಮೇಲೆ ಅಥವಾ ದೇವರ ದೀಪ ಹಚ್ಚಿದ ಮೇಲೆ ಕೂರಬಹುದು. ಶಿಫ್ಟ್ ಕೆಲಸದವರಿಗೆ ಗಡಿಯಾರ ಮುಖ್ಯವಲ್ಲ. ಎದ್ದ ತಕ್ಷಣದ ಹೊತ್ತು ಅಂತ ಇಟ್ಟುಕೊಳ್ಳಿ, ಅದು ಮಧ್ಯಾಹ್ನ ಎರಡು ಗಂಟೆಯಾದರೂ ಸರಿ.

ಇಲ್ಲಿ ಎಡವುವುದು ಮೊದಲ ವಾರದ ಉತ್ಸಾಹದಲ್ಲಿ. ಮೊದಲ ದಿನವೇ ಒಂದು ಗಂಟೆ ಕೂತು, ನಾಲ್ಕನೇ ದಿನಕ್ಕೆ ಕೈಬಿಡುತ್ತಾರೆ. ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ. ಇನ್ನೂ ಕೂರಬೇಕು ಅನ್ನಿಸಿದಾಗಲೇ ಎದ್ದುಬಿಡಿ, ನಾಳೆಗೆ ಆಸೆ ಉಳಿಯುತ್ತೆ.

2. ಕೂರುವ ಬಗೆ

ಬೆನ್ನು ನೆಟ್ಟಗಿರಬೇಕು, ಆದರೆ ಸೆಟೆದಿರಬಾರದು. ನೆಲದ ಮೇಲೆ ಕೂರುವುದಾದರೆ ಟವೆಲ್ ಮಡಚಿ ಕುಂಡಿಯ ಕೆಳಗೆ ಇಟ್ಟುಕೊಳ್ಳಿ. ಸೊಂಟ ಮಂಡಿಗಿಂತ ಸ್ವಲ್ಪ ಎತ್ತರ ಬಂದರೆ ಬೆನ್ನು ತಾನಾಗಿ ನೆಟ್ಟಗಾಗುತ್ತೆ. ಮಾಮೂಲಿ ಚಕ್ಕಳಮಕ್ಕಳ ಸಾಕು. ಕುರ್ಚಿಯಾದರೆ ಪಾದ ಎರಡೂ ನೆಲಕ್ಕೆ ತಾಗಲಿ. ಕೈ ತೊಡೆಯ ಮೇಲೆ. ಹೆಬ್ಬೆರಳು ತೋರುಬೆರಳು ಸೇರಿಸುವ ಚಿನ್ಮುದ್ರೆ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಕಣ್ಣು ಮುಚ್ಚಿದರೆ ತೂಕಡಿಕೆ ಬರುವವರು ಅರ್ಧ ತೆರೆದು ಎರಡು ಮಾರು ದೂರದ ನೆಲ ನೋಡಿ.

ಪದ್ಮಾಸನದ ಹಟ ಬೇಡ. ನಾನು ಆ ಹಟ ಮಾಡಿ ಎರಡು ತಿಂಗಳು ಮಂಡಿಗೆ ಎಣ್ಣೆ ತಿಕ್ಕಿದ್ದೇನೆ. ಕಾಲು ಜೋಮು ಹಿಡಿದರೆ ಮೆಲ್ಲಗೆ ಕಾಲು ಬದಲಿಸಿ, ಯಾವ ಪುಣ್ಯವೂ ಕಡಿಮೆಯಾಗುವುದಿಲ್ಲ. ಜೋಮು ಹಿಡಿದ ಕಾಲಿನಲ್ಲಿ ದಡಕ್ಕನೆ ಏಳಬೇಡಿ. ವಯಸ್ಸಾದವರು ಬೀಳುವುದು ಹೀಗೆಯೇ.

3. ಉಸಿರು ನೋಡುವುದು

ಪ್ರಾಣಾಯಾಮಕ್ಕೂ ಇದಕ್ಕೂ ವ್ಯತ್ಯಾಸವಿದೆ. ಪ್ರಾಣಾಯಾಮದಲ್ಲಿ ಉಸಿರನ್ನು ನೀವು ನಡೆಸುತ್ತೀರಿ. ಎಳೆಯುವುದು, ಹಿಡಿಯುವುದು, ಬಿಡುವುದು, ಎಲ್ಲಕ್ಕೂ ಲೆಕ್ಕ ಇರುತ್ತೆ. ಇಲ್ಲಿ ಉಸಿರು ತನ್ನ ಪಾಡಿಗೆ ನಡೆಯುತ್ತೆ, ನೀವು ಸುಮ್ನೆ ನೋಡುತ್ತೀರಿ. ಬೌದ್ಧರು ಇದಕ್ಕೆ 'ಆನಾಪಾನ ಸತಿ' ಅನ್ನುತ್ತಾರೆ. ಒಳಗೆ ಬರುವ, ಹೊರಗೆ ಹೋಗುವ ಉಸಿರಿನ ಮೇಲೆ ಗ್ಯಾನ ಇಡುವುದು ಅಂತ ಅರ್ಥ.

ನೋಡಲು ಒಂದು ಜಾಗ ಆರಿಸಿಕೊಳ್ಳಿ. ಮೂಗಿನ ಹೊಳ್ಳೆಯ ಅಂಚಿನಲ್ಲಿ ಗಾಳಿ ತಾಗುವ ಜಾಗ, ಅಥವಾ ಏರಿಳಿಯುವ ಹೊಟ್ಟೆ. ಶೀತ ಆಗಿದ್ದರೆ ಹೊಟ್ಟೆಯೇ ವಾಸಿ. ದಿನಕ್ಕೊಂದು ಜಾಗ ಬದಲಿಸಬೇಡಿ. ಉಸಿರು ಹೊರಗೆ ಹೋದಾಗ ಮನಸ್ಸಿನಲ್ಲೇ 'ಒಂದು'. ಮತ್ತೆ ಹೋದಾಗ 'ಎರಡು'. ಹತ್ತರವರೆಗೆ ಎಣಿಸಿ, ಮತ್ತೆ ಒಂದಕ್ಕೆ ಬನ್ನಿ. ಎಣಿಕೆ ಹದಿನೇಳು, ಇಪ್ಪತ್ತಮೂರಕ್ಕೆ ಹೋಗಿದ್ದರೆ ನೀವು ಎಣಿಸುತ್ತಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದೀರಿ. ನಗುತ್ತಾ ಒಂದರಿಂದ ಶುರು ಮಾಡಿ. ಮೊದಲ ದಿನಗಳಲ್ಲಿ ಹತ್ತು ಮುಟ್ಟದಿರುವುದೇ ಮಾಮೂಲಿ.

ಕೆಲವರಿಗೆ ಉಸಿರಿನ ಮೇಲೆ ಗಮನ ಇಟ್ಟ ಕೂಡಲೇ ಉಸಿರು ಕಟ್ಟಿದ ಹಾಗಾಗುತ್ತೆ. ಗೊತ್ತಿಲ್ಲದೆಯೇ ಅವರು ಉಸಿರನ್ನು ಎಳೆದಾಡಲು ಶುರು ಮಾಡಿರುತ್ತಾರೆ. ದೊಡ್ಡದಾಗಿ ಒಂದು ಉಸಿರು ಬಿಟ್ಟು, ಭುಜ ಸಡಿಲಿಸಿ. ಆಗಲೂ ಎದೆ ಬಿಗಿಯುತ್ತಿದ್ದರೆ, ಗಾಬರಿ ಜಾಸ್ತಿಯಾಗುತ್ತಿದ್ದರೆ ಉಸಿರನ್ನು ಬಿಟ್ಟುಬಿಡಿ. ಪಾದ ನೆಲಕ್ಕೆ ತಾಗುವ ಜಾಗ ನೋಡಿ. ಅಥವಾ ಸದ್ದು ಕೇಳಿ. ಹತ್ತಿರದ ಫ್ಯಾನಿನ ಸದ್ದು, ದೂರದ ಆಟೋ, ಕಾಗೆ. ಇದೂ ಪೂರ್ತಿ ಧ್ಯಾನವೇ. ಎರಡನೇ ದರ್ಜೆಯದಲ್ಲ.

4. ಮನಸ್ಸು ಓಡಿಹೋದಾಗ

ನಿಜವಾದ ಕೆಲಸ ಇರುವುದು ಇಲ್ಲಿ. ಶುರುವಿನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ.

ಮೂರನೇ ಉಸಿರಿಗೇ ಮನಸ್ಸು ಹೊರಟಿರುತ್ತೆ. ನಾಲೆಗೆ ನೀರು ಯಾವಾಗ ಬಿಡುತ್ತಾರೋ. ಕಬ್ಬಿನ ದುಡ್ಡು ಇನ್ನೂ ಬಂದಿಲ್ಲ. ಮಗಳ ಸಿಇಟಿ ಕೌನ್ಸೆಲಿಂಗು. ನಿನ್ನೆ ನಾದಿನಿ ಹಾಗೆ ಅಂದಳಲ್ಲ, ನಾನು ಹೀಗೆ ಅನ್ನಬೇಕಿತ್ತು. ಹೀಗೆ ಐದು ನಿಮಿಷ ಹೋಗಿರುತ್ತೆ. ಆಮೇಲೆ ಥಟ್ಟನೆ ಹೊಳೆಯುತ್ತೆ: "ಅಯ್ಯೋ, ನಾನು ಉಸಿರು ನೋಡಬೇಕಿತ್ತು." ಬಹಳಷ್ಟು ಜನ ಇದನ್ನೇ ಸೋಲು ಅಂದುಕೊಂಡು ಎದ್ದುಬಿಡುತ್ತಾರೆ. ಆದರೆ ಆ ಹೊಳೆದ ಕ್ಷಣ ಇದೆಯಲ್ಲ, ಗ್ಯಾನ ಬಂದದ್ದು ಆಗಲೇ. ಕೂತಿರುವುದೇ ಅದಕ್ಕಾಗಿ. ಹತ್ತು ನಿಮಿಷದಲ್ಲಿ ಮೂವತ್ತು ಸಲ ಓಡಿಹೋಗಿ ಮೂವತ್ತು ಸಲ ವಾಪಸ್ ಬಂದಿದ್ದರೆ ನಿಮ್ಮ ಅಭ್ಯಾಸ ಮೂವತ್ತು ಸಲ ಆಯಿತು. ವ್ಯಾಯಾಮದಲ್ಲಿ ಬಸ್ಕಿ ಎಣಿಸುವುದಿಲ್ಲವೇ, ಹಾಗೆ.

ವಾಪಸ್ ತರುವಾಗ ಬೈಯಬೇಡಿ. ಹಳೆಯ ಬೌದ್ಧ ಗ್ರಂಥಗಳು ಮನಸ್ಸನ್ನು ತುಂಟ ಕರುವಿಗೆ, ಉಸಿರನ್ನು ಗೂಟಕ್ಕೆ, ಸ್ಮೃತಿಯನ್ನು ಹಗ್ಗಕ್ಕೆ ಹೋಲಿಸುತ್ತವೆ. ದನ ಸಾಕಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದವರ ಕಬ್ಬಿನ ಗದ್ದೆಗೆ ನುಗ್ಗಿದ ಕರುವನ್ನು ಬಡಿದರೆ ಅದು ಇನ್ನೂ ಒಳಗೆ ಓಡುತ್ತೆ. ಹಗ್ಗ ಹಿಡಿದು ಮೆಲ್ಲಗೆ ಕರೆದುಕೊಂಡು ಬರಬೇಕು. ಮತ್ತೆ ಹೋಗುತ್ತೆ. ಮತ್ತೆ ಕರೆದುಕೊಂಡು ಬರಬೇಕು.

ಇದಕ್ಕೆ ಒಂದು ಉಪಾಯವಿದೆ. ಬಂದ ಯೋಚನೆಗೆ ಒಂದೇ ಪದದ ಹೆಸರು ಕೊಡಿ. 'ಲೆಕ್ಕಾಚಾರ'. 'ಸಿಟ್ಟು'. 'ಚಿಂತೆ'. ಹೆಸರಿಟ್ಟು ಉಸಿರಿಗೆ ಬನ್ನಿ. ಸಿಟ್ಟಿನೊಳಗೆ ಮುಳುಗಿರುವುದಕ್ಕೂ 'ಓ, ಇದು ಸಿಟ್ಟು' ಅಂತ ಗುರುತಿಸುವುದಕ್ಕೂ ಎಷ್ಟು ಅಂತರ ಅನ್ನುವುದು ನಾಲ್ಕಾರು ವಾರದಲ್ಲಿ ನಿಮಗೇ ತಿಳಿಯುತ್ತೆ. ಆದರೆ ಹೆಸರು ಹುಡುಕುವುದೇ ಇನ್ನೊಂದು ಯೋಚನೆ ಆಗದಿರಲಿ. ಸರಿಯಾದ ಹೆಸರು ಹೊಳೆಯದಿದ್ದರೆ 'ಯೋಚನೆ' ಅಂದರೆ ಸಾಕು.

ಮನಸ್ಸು ಖಾಲಿ ಆಗಬೇಕು ಅಂತ ಯಾರಾದರೂ ಹೇಳಿದ್ದರೆ ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ.

5. ರಾತ್ರಿ ಮಲಗಿ ಮೈ ನೋಡುವುದು

ಇದು ಹಾಸಿಗೆಯಲ್ಲೇ ಆಗುವ ಕೆಲಸ. ಅಂಗಾತ ಮಲಗಿ. ಎಡಗಾಲಿನ ಹೆಬ್ಬೆರಳಿನಿಂದ ಶುರು ಮಾಡಿ ಪಾದ, ಮೀನಖಂಡ, ಮಂಡಿ, ತೊಡೆ ಅಂತ ಒಂದೊಂದೇ ಜಾಗಕ್ಕೆ ಗಮನ ತನ್ನಿ. ಆಮೇಲೆ ಬಲಗಾಲು, ಹೊಟ್ಟೆ, ಎದೆ, ಕೈ, ಕತ್ತು, ಮುಖ. ಬಿಸಿ, ತಂಪು, ನೋವು, ಬಟ್ಟೆ ತಾಗುವುದು, ಇಲ್ಲವೇ ಏನೂ ಗೊತ್ತಾಗದಿರುವುದು. ಏನಿದ್ದರೆ ಅದು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್ ಜಿನ್ 1979ರಲ್ಲಿ ಶುರು ಮಾಡಿದ ಎಂಟು ವಾರದ ತರಬೇತಿಯಲ್ಲಿ ಇದೊಂದು ಮುಖ್ಯ ಪಾಠ. ಅಲ್ಲಿಗೆ ಬರುತ್ತಿದ್ದವರಲ್ಲಿ ಬಹಳ ದಿನದಿಂದ ನೋವು ಅನುಭವಿಸುತ್ತಿದ್ದ ರೋಗಿಗಳಿದ್ದರು. ಮಂಡಿಗೆ ಬರುವಷ್ಟರಲ್ಲಿ ನಿದ್ದೆ ಬಂತೇ? ರಾತ್ರಿಯಾದರೆ ಬರಲಿ ಬಿಡಿ.

6. ನಡೆಯುತ್ತಾ ಮಾಡುವುದು

ಕೂರಲು ಆಗದವರಿಗೆ, ಕೂತರೆ ಚಡಪಡಿಸುವವರಿಗೆ ಇದು ವಾಸಿ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಇದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಆದ ಕೆರೆ. ಕುವೆಂಪು ಅವರ ನಡಿಗೆಯ ಹಾದಿ. ಸುತ್ತಿನ ದಾರಿ ನಾಲ್ಕು ಕಿಲೋಮೀಟರಿಗೂ ಜಾಸ್ತಿ. ಅಷ್ಟನ್ನೂ ಗಮನ ಇಟ್ಟು ನಡೆಯುತ್ತೇನೆ ಅಂತ ಹೊರಡಬೇಡಿ, ಆಗುವುದಿಲ್ಲ. ಒಂದು ಮರದಿಂದ ಇನ್ನೊಂದು ಮರದವರೆಗೆ, ಮೂವತ್ತು ನಲವತ್ತು ಹೆಜ್ಜೆ. ಹಿಮ್ಮಡಿ ತಾಗಿತು, ಅಂಗಾಲು ತಾಗಿತು, ಬೆರಳು ನೆಲ ಬಿಟ್ಟಿತು. ಅಷ್ಟು ನೋಡಿ. ಮುಂದಿನ ಮರದವರೆಗೆ ಮಾಮೂಲಿ ನಡೆಯಿರಿ, ಕೊಕ್ಕರೆ ನೋಡಿ. ಆಮೇಲೆ ಮತ್ತೆ. ಇಯರ್‌ಫೋನ್ ಮನೆಯಲ್ಲಿರಲಿ. ಜೊತೆಗೆ ಸೈಟಿನ ರೇಟು ಮಾತಾಡುವ ಗೆಳೆಯರನ್ನೂ ಸ್ವಲ್ಪ ಮುಂದೆ ಬಿಡಿ.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುವ ಹೆಂಗಸರನ್ನು ನೋಡಿದ್ದೀರಲ್ಲ? ಒಂದು ಮೆಟ್ಟಿಲು, ಒಂದು ಬೊಟ್ಟು. ಮುಂದಿನ ಮೆಟ್ಟಿಲಿನ ಯೋಚನೆ ಮುಂದಿನ ಮೆಟ್ಟಿಲಿನಲ್ಲಿ. ಮೈಂಡ್‌ಫುಲ್ ವಾಕಿಂಗ್ ಅಂತ ದುಡ್ಡು ತೆಗೆದುಕೊಂಡು ಕಲಿಸುವುದು ಇದನ್ನೇ. ಹರಕೆ ಇಲ್ಲದವರು ಬೊಟ್ಟಿನ ಬದಲು ಒಂದು ಮೆಟ್ಟಿಲಿಗೆ ಒಂದು ಉಸಿರು ಇಡಬಹುದು, ದಾರಿಯಲ್ಲಿ ಸಿಗುವ ನಂದಿ ವಿಗ್ರಹದವರೆಗೆ ಸಾಕು. ಎರಡು ಎಚ್ಚರಿಕೆ: ಇಳಿಯುವಾಗ ಮಂಡಿಗೆ ಏಟು ಜಾಸ್ತಿ, ಮಳೆಗಾಲದಲ್ಲಿ ಕಲ್ಲು ಜಾರುತ್ತೆ. ಮತ್ತೆ ಅದು ಚಿರತೆ ಓಡಾಡುವ ಬೆಟ್ಟ, ಕತ್ತಲಲ್ಲಿ ಒಬ್ಬರೇ ಹೋಗಬೇಡಿ.

ಮಂಡ್ಯದವರು ನಾಲೆ ಏರಿಯ ಮೇಲೆ ನಡೆಯುತ್ತಾರೆ. ಒಳ್ಳೆಯ ಗಾಳಿ, ಎರಡೂ ಕಡೆ ಹಸಿರು, ಒಪ್ಪಿದೆ. ಆದರೆ ವಿಶ್ವೇಶ್ವರಯ್ಯ ನಾಲೆಯ ನೀರಿನ ಸೆಳೆತ ಆಟದ ಮಾತಲ್ಲ. ಅಂಚಿನಲ್ಲಿ ಕಣ್ಣು ಮುಚ್ಚಿ ಕೂರುವ ಸಾಹಸ ಬೇಡವೇ ಬೇಡ. ಹಾಗೆಯೇ ಕಾರು ಬೈಕು ಓಡಿಸುವಾಗ ಧ್ಯಾನದ ಆಡಿಯೋ ಹಾಕಬೇಡಿ. ಗಾಡಿ ಓಡಿಸುವಾಗ ರಸ್ತೆಯೇ ಧ್ಯಾನ.

7. ಮೊದಲ ಐದು ತುತ್ತು

ಮೈಂಡ್‌ಫುಲ್‌ನೆಸ್ ತರಗತಿಗಳಲ್ಲಿ ಒಂದು ಒಣದ್ರಾಕ್ಷಿ ಕೊಡುತ್ತಾರೆ. ನೋಡಿ, ಮೂಸಿ, ನಿಧಾನಕ್ಕೆ ಅಗಿಯಿರಿ ಅನ್ನುತ್ತಾರೆ. ತುತ್ತನ್ನು ಮೂವತ್ತು ಸಲ ಅಗಿಯಿರಿ ಅನ್ನುವವರೂ ಇದ್ದಾರೆ. ನಮ್ಮ ಕಡೆ ಇದು ನಡೆಯುವುದಿಲ್ಲ. ಮುದ್ದೆ ಅಗಿಯುವ ಪದಾರ್ಥವೇ ಅಲ್ಲ, ನುಂಗುವುದು. ಹಾಗಂತ ಗ್ಯಾನಕ್ಕೆ ಅಲ್ಲಿ ಜಾಗವಿಲ್ಲ ಅಂತಲ್ಲ. ಮುರಿಯುವಾಗ ಬೆರಳ ತುದಿಗೆ ತಾಗುವ ಬಿಸಿ. ಉಂಡೆ ಮಾಡುವಾಗಿನ ನುಣುಪು. ಬಸ್ಸಾರಿನಲ್ಲಿ ಅದ್ದಿದಾಗ ಮೂಗಿಗೆ ಬರುವ ವಾಸನೆ. ನಾಲಗೆಯ ಮೇಲೆ ಖಾರ, ಗಂಟಲಲ್ಲಿ ಜಾರುವುದು. ಹಿಂದಿನ ತುತ್ತು ಇಳಿಯುವ ಮುಂಚೆ ಕೈ ಮುಂದಿನದಕ್ಕೆ ಹೋಗಿತೇ, ನೋಡಿಕೊಳ್ಳಿ. ಐದೇ ತುತ್ತು, ಟಿವಿ ಆಫ್ ಮಾಡಿ. ಆರನೆಯದರಿಂದ ಮನೆಯವರ ಜೊತೆ ಮಾತಾಡಿ. ಪೂರ್ತಿ ಊಟ ಮೌನವಾಗಿ ಮಾಡಿದರೆ "ಯಾರ ಮೇಲೆ ಕೋಪ?" ಅಂತ ಕೇಳುತ್ತಾರೆ.

8. ಹೊತ್ತು ಹೆಚ್ಚಿಸುವುದು

ಎರಡು ವಾರ ಹತ್ತು ನಿಮಿಷ. ಆಮೇಲೆ ಹದಿನೈದು. ಒಂದು ತಿಂಗಳಾದ ಮೇಲೆ ಇಪ್ಪತ್ತು. ಸಂಸಾರಸ್ಥರಿಗೆ ಅಷ್ಟು ಸಾಕು. ಎಂಟು ವಾರ ಆಗುವವರೆಗೆ "ಪ್ರಯೋಜನ ಆಯ್ತಾ?" ಅಂತ ಕೇಳಿಕೊಳ್ಳಬೇಡಿ. ಒಂದು ದಿನ ತಪ್ಪಿದರೆ ಮರುದಿನ ಮಾಮೂಲಿ ಹತ್ತು ನಿಮಿಷ ಕೂರಿ. ತಪ್ಪಿದ್ದಕ್ಕೆ ಬಡ್ಡಿ ಸೇರಿಸಿ ಇಪ್ಪತ್ತು ಕೂರುವುದು ಬೇಡ. ಜಾತ್ರೆ, ಮದುವೆ, ಕಟಾವಿನ ಸಮಯದಲ್ಲಿ ಐದು ಉಸಿರಾದರೂ ಸರಿ.

ಪದೇ ಪದೇ ಬರುವ ಉಳಿದ ಪ್ರಶ್ನೆಗಳು

ಬೆಳಕು ಕಾಣಿಸಿತು, ಮೈ ಜುಮ್ಮೆಂದಿತು, ಕುಂಡಲಿನಿ ಶಕ್ತಿ ಎದ್ದಿತಾ? ಕಣ್ಣು ಮುಚ್ಚಿ ಸುಮ್ನೆ ಕೂತಾಗ ಇಂಥವು ಬಹಳ ಜನಕ್ಕೆ ಆಗುತ್ತವೆ. ಬಂತು, ಹೋಯಿತು. ನಾಳೆಯೂ ಬರಲಿ ಅಂತ ಕಾಯಬೇಡಿ, ಇದನ್ನು ಹೇಳಿ ಹೆದರಿಸುವವರ ಹತ್ತಿರವೂ ಹೋಗಬೇಡಿ. ಅಳು ಬಂದರೆ? ಬರಲಿ. ದಿನಾ ಬರುತ್ತಿದ್ದರೆ ಮಾತ್ರ ಯಾರ ಹತ್ತಿರವಾದರೂ ಮಾತಾಡಬೇಕು.

ಪೂಜೆ, ನಮಾಜು, ಇಷ್ಟಲಿಂಗ ಪೂಜೆ ಮಾಡುವವರು ಇದನ್ನು ಮಾಡಬಹುದೇ? ಉಸಿರು ಎಲ್ಲರದೂ ಒಂದೇ. ನಿಮ್ಮ ಪೂಜೆಯನ್ನೇ ಗ್ಯಾನ ಇಟ್ಟು ಮಾಡುತ್ತಿದ್ದರೆ ಬೇರೆ ಕೂರಬೇಕೆಂದೂ ಇಲ್ಲ. ದೀಪದ ಬತ್ತಿ ಸರಿ ಮಾಡುತ್ತಾ ಹಾಲಿನವನ ಲೆಕ್ಕ ಹಾಕುತ್ತಿದ್ದರೆ, ಆ ಲೆಕ್ಕ ಬೇರೆ.

ಹತ್ತು ದಿನದ ವಿಪಶ್ಯನ (ಬೌದ್ಧರ ಒಂದು ಬಗೆಯ ಧ್ಯಾನ) ಶಿಬಿರಕ್ಕೆ ಹೋಗಲೇ? ವಿಪಶ್ಯನ ಗುರು ಎಸ್.ಎನ್. ಗೋಯಂಕಾ ಅವರ ಪರಂಪರೆಯ ಈ ಶಿಬಿರಗಳಿಗೆ ಶುಲ್ಕವಿಲ್ಲ, ಮುಂಚೆ ಶಿಬಿರ ಮಾಡಿದವರ ದಾನದಿಂದ ನಡೆಯುತ್ತವೆ. ಬೆಂಗಳೂರಿನ ಹತ್ತಿರ ಧಮ್ಮ ಪಫುಲ್ಲ ಕೇಂದ್ರವಿದೆ. ಬೆಳಗಿನ ನಾಲ್ಕಕ್ಕೆ ಗಂಟೆ, ದಿನಕ್ಕೆ ಹತ್ತು ಗಂಟೆಯಷ್ಟು ಕೂರುವುದು, ಮಾತಿಲ್ಲ, ಫೋನಿಲ್ಲ, ಪುಸ್ತಕವಿಲ್ಲ. ಸಂಜೆ ಹೊಸಬರಿಗೆ ಹಣ್ಣು, ಟೀ ಅಷ್ಟೇ, ರಾತ್ರಿ ಊಟವಿಲ್ಲ. ಬರುವ ದಿನ, ಹೋಗುವ ದಿನ ಸೇರಿಸಿ ಹನ್ನೆರಡು ದಿನ ರಜೆ ಬೇಕು. ಒಳ್ಳೆಯದೇ, ಆದರೆ ಮೊದಲ ಹೆಜ್ಜೆಯಾಗಿ ಬೇಡ. ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಮೂರು ತಿಂಗಳು ಕೂತು ಆಮೇಲೆ ಯೋಚಿಸಿ.

ಯಾರು ಹುಷಾರಾಗಿರಬೇಕು?

ಇದನ್ನು ಓದದೆ ಮುಂದೆ ಹೋಗಬೇಡಿ. ತೀವ್ರ ಖಿನ್ನತೆ, ಬೈಪೋಲಾರ್ ಕಾಯಿಲೆ, ಇಲ್ಲದ ದನಿ ಕೇಳಿಸುವುದು, ಹಳೆಯ ಆಘಾತದ ನೆನಪು ಮರುಕಳಿಸಿ ಕಾಡುವುದು ಇದ್ದವರು ವೈದ್ಯರನ್ನು ಕೇಳದೆ ಉದ್ದನೆಯ ಧ್ಯಾನಕ್ಕಾಗಲಿ ಮೌನ ಶಿಬಿರಕ್ಕಾಗಲಿ ಹೋಗಬಾರದು. ಕೆಲವರಿಗೆ ಧ್ಯಾನದಿಂದಲೇ ಗಾಬರಿ, ನಿದ್ದೆಗೇಡು ಜಾಸ್ತಿಯಾಗುವುದುಂಟು. ಹಾಗಾದರೆ ನಿಲ್ಲಿಸಿ, ಮುಂದುವರಿಸುವುದು ಶೌರ್ಯವಲ್ಲ. "ಧ್ಯಾನ ಶುರು ಮಾಡಿದ್ದೀನಿ, ಮಾತ್ರೆ ಬಿಟ್ಟೆ" ಅನ್ನುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬಿಪಿ, ಶುಗರ್, ಮನಸ್ಸಿನ ಕಾಯಿಲೆ ಯಾವುದರ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ಬಿಡಬೇಡಿ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಎರಡರಲ್ಲೂ ಮನೋವೈದ್ಯ ವಿಭಾಗವಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ.

ಕೊನೆಗೆ, ಕಾಫಿಯ ಉಪಾಯ ಹೇಳಿದಾಗಲೆಲ್ಲ ಬರುವ ಪ್ರಶ್ನೆ: ಎದ್ದು ಬರುವಷ್ಟರಲ್ಲಿ ಡಿಕಾಕ್ಷನ್ ತಣ್ಣಗಾಗಲ್ವಾ? ಫಿಲ್ಟರನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕೂರಿ, ಆಗಲ್ಲ. ಹಾಲು ಮಾತ್ರ ಒಲೆಯ ಮೇಲಿಟ್ಟು ಕಣ್ಣು ಮುಚ್ಚಬೇಡಿ.